ಗಾಳಿಯ ಊರಿನಲ್ಲಿ ಕಬ್ಬಿಣದ ಆಯ್ಕೆ

ಸ್ಕಾಟ್ಲೆಂಡಿನ ಪೂರ್ವ ಕರಾವಳಿಯಲ್ಲಿ, ಉತ್ತರ ಸಮುದ್ರಕ್ಕೆ ಮುಖ ಮಾಡಿ ಕುಳಿತಿರುವ ಸೇಂಟ್ ಆಂಡ್ರೂಸ್ ಊರಿನಲ್ಲಿ ಗಾಳಿಗೆ ಬಿಡುವಿಲ್ಲ. ಬೆಳಿಗ್ಗೆ ಸಮುದ್ರದ ಕಡೆಯಿಂದ ಬೀಸುತ್ತಿದ್ದ ಗಾಳಿ ಮಧ್ಯಾಹ್ನದ ಹೊತ್ತಿಗೆ ದಿಕ್ಕು ಬದಲಿಸಿರುತ್ತದೆ. ಊರಿನ ಅಂಚಿಗೇ ಇರುವ ‘ಓಲ್ಡ್ ಕೋರ್ಸ್’ ಎಂಬ ಗಾಲ್ಫ್ ಬಯಲಿನಲ್ಲಿ ಹನ್ನೊಂದನೆಯ ಕುಳಿಗೆ ಬೆಳಿಗ್ಗೆ ಏಳನೇ ನಂಬರಿನ ಕೋಲು ಸಾಕೆನಿಸಿದರೆ, ಸಂಜೆ ಅದೇ ಜಾಗದಲ್ಲಿ ನಿಂತವನು ನಾಲ್ಕನೇ ನಂಬರಿನದನ್ನು ಹುಡುಕಬೇಕಾಗಬಹುದು. ಕುಳಿ ಅದೇ, ದೂರ ಅದೇ, ಆಟಗಾರನೂ ಅವನೇ. ಕೈಯಲ್ಲಿರುವ ಕಬ್ಬಿಣ ಮಾತ್ರ ಬೇರೆ.

ಗಾಲ್ಫ್ ಆಟವನ್ನು ಟಿ.ವಿ.ಯಲ್ಲಿ ಮಾತ್ರ ಕಂಡವರಿಗೆ ಆಟಗಾರನ ಹಿಂದೆ ಹೊರೆಯಷ್ಟು ದೊಡ್ಡ ಚೀಲ ಹೊತ್ತು ನಡೆಯುವ ಕ್ಯಾಡಿಯ ಚಿತ್ರ ನೆನಪಿರಬಹುದು. ಆ ಚೀಲದಲ್ಲಿ ಹೆಚ್ಚೆಂದರೆ ಹದಿನಾಲ್ಕು ಕೋಲುಗಳಿರುತ್ತವೆ. ಬಲು ದೂರ ಹೊಡೆಯಲು ದಪ್ಪ ತಲೆಯ ‘ವುಡ್’ಗಳು, ಕೊನೆಯಲ್ಲಿ ಚೆಂಡನ್ನು ಕುಳಿಗೆ ಉರುಳಿಸಲು ‘ಪಟರ್’. ಇವೆರಡರ ನಡುವಿನ ಎಲ್ಲ ಕೆಲಸವೂ ‘ಐರನ್’ಗಳದ್ದು, ಅಂದರೆ ಕಬ್ಬಿಣದ ಕೋಲುಗಳದ್ದು. ಚಿಕ್ಕ ನಂಬರಿನ ಐರನ್ನಿನ ಮುಖ ಹೆಚ್ಚು ನೆಟ್ಟಗಿರುತ್ತದೆ, ಕೋಲು ಉದ್ದವಾಗಿರುತ್ತದೆ. ಚೆಂಡು ತಗ್ಗಿನಲ್ಲಿ ದೂರಕ್ಕೆ ಹೋಗುತ್ತದೆ. ನಂಬರು ಏರಿದಂತೆ ಮುಖದ ಓರೆ ಹೆಚ್ಚುತ್ತದೆ, ಕೋಲು ಗಿಡ್ಡವಾಗುತ್ತದೆ. ಚೆಂಡು ಎತ್ತರಕ್ಕೆ ಹಾರಿ ಹತ್ತಿರದಲ್ಲೇ ಮೆತ್ತಗೆ ಇಳಿಯುತ್ತದೆ. ಬಡಗಿಯ ಪೆಟ್ಟಿಗೆಯಲ್ಲಿ ಅಗಲ ಅಗಲಕ್ಕೆ ಬೇರೆ ಬೇರೆ ಉಳಿ ಇರುವ ಹಾಗೆ.

ಇಷ್ಟು ಸುಲಭವಾದರೆ ಆಯ್ಕೆಯ ಪ್ರಶ್ನೆ ಎಲ್ಲಿ ಬಂತು? ಅಂಗಡಿಗೆ ಹೋಗಿ ಒಂದು ಸೆಟ್ ತಂದರಾಯಿತಲ್ಲ! ಆದರೆ ಸೆಟ್ಟುಗಳಲ್ಲಿ ನೂರಾರು ಬಗೆ. ತಯಾರಕರಿಗೆ ಒಂದೊಂದೂ ಶ್ರೇಷ್ಠವೇ. ಭಾರತದಲ್ಲಿ ಹೊಸ ಸೆಟ್ಟಿನ ಬೆಲೆ ಲಕ್ಷ ರೂಪಾಯಿಯ ಆಸುಪಾಸಿಗೆ ಏರುವುದೂ ಉಂಟು. ಇಷ್ಟು ಹಣ ಕೊಟ್ಟು ತಂದ ಕಬ್ಬಿಣ ಕೈಗೆ ಒಗ್ಗದಿದ್ದರೆ? ಈ ಪ್ರಶ್ನೆಗೆ ಉತ್ತರ ಹುಡುಕಲು ಸೇಂಟ್ ಆಂಡ್ರೂಸಿಗಿಂತ ಒಳ್ಳೆಯ ಜಾಗವಿಲ್ಲ. ಕಬ್ಬಿಣದ ಕೋಲು ಗಾಲ್ಫಿನಲ್ಲಿ ತನ್ನ ಸ್ಥಾನ ಸಂಪಾದಿಸಿಕೊಂಡ ಕತೆಯ ದೊಡ್ಡ ಭಾಗ ನಡೆದದ್ದು ಈ ಊರಿನಲ್ಲಿಯೇ.

ಮೂರು ಬೀದಿಗಳ ಊರು

ಸೇಂಟ್ ಆಂಡ್ರೂಸಿಗೆ ಈಗ ರೈಲಿಲ್ಲ. ಊರಿನ ನಿಲ್ದಾಣ 1969ರಲ್ಲಿ ಮುಚ್ಚಿತು. ಎಡಿನ್‌ಬರೋದಿಂದ ರೈಲಿನಲ್ಲಿ ಬಂದವರು ಲ್ಯೂಕರ್ಸ್ ನಿಲ್ದಾಣದಲ್ಲಿಳಿದು, ಅಲ್ಲಿಂದ ಸುಮಾರು ಎಂಟು ಕಿಲೋಮೀಟರು ಬಸ್ಸು ಹಿಡಿಯಬೇಕು. ಊರಿನ ಅಂಚು ಸಮೀಪಿಸುತ್ತಿದ್ದಂತೆ ಎಡಗಡೆಗೆ ಹಸಿರು ಬಯಲು, ಅದರಾಚೆ ಸಮುದ್ರ ಕಾಣಿಸುತ್ತದೆ.

ಹಳೆಯ ಊರೆಂದರೆ ಮುಖ್ಯವಾಗಿ ಮೂರು ಬೀದಿಗಳು: ನಾರ್ತ್ ಸ್ಟ್ರೀಟ್, ಮಾರ್ಕೆಟ್ ಸ್ಟ್ರೀಟ್, ಸೌತ್ ಸ್ಟ್ರೀಟ್. ಪೂರ್ವದ ತುದಿಯಲ್ಲಿ ಮಧ್ಯಯುಗದ ದೊಡ್ಡ ಕೆಥೆಡ್ರಲ್ಲಿನ ಅವಶೇಷ. ಪಶ್ಚಿಮದ ತುದಿಯಲ್ಲಿ ಗಾಲ್ಫ್ ಬಯಲು. ನಡುವೆ ವಿದ್ಯಾರ್ಥಿಗಳು. ಇಲ್ಲಿನ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1413ರಲ್ಲಿ. ಸ್ಕಾಟ್ಲೆಂಡಿನಲ್ಲೇ ಅತ್ಯಂತ ಹಳೆಯದು. ಕೆಂಪು ನಿಲುವಂಗಿ ತೊಟ್ಟ ವಿದ್ಯಾರ್ಥಿಗಳು ಭಾನುವಾರ ಪ್ರಾರ್ಥನೆ ಮುಗಿಸಿ ಹಡಗುಕಟ್ಟೆಯ ಮೇಲೆ ಸಾಲಾಗಿ ನಡೆದು ಬರುವ ಪದ್ಧತಿ ಇನ್ನೂ ಉಳಿದಿದೆ. ಒಂದು ಬೀದಿಯಲ್ಲಿ ಪುಸ್ತಕ ಹೊತ್ತ ಹುಡುಗಿ, ಅದೇ ಬೀದಿಯಲ್ಲಿ ಗಾಲ್ಫ್ ಚೀಲ ಹೊತ್ತ ಹುಡುಗ. ಎರಡೂ ಇಲ್ಲಿ ಸಹಜ ದೃಶ್ಯ.

ಗಾಲ್ಫ್ ಎಂದೊಡನೆ ಸಿರಿವಂತರ ಬೇಲಿಯೊಳಗಿನ ಆಟ ಎಂದು ಭಾವಿಸಿದವರಿಗೆ ಸೇಂಟ್ ಆಂಡ್ರೂಸ್ ಒಂದು ಅಚ್ಚರಿ. ಓಲ್ಡ್ ಕೋರ್ಸ್ ಯಾವ ಖಾಸಗಿ ಕ್ಲಬ್ಬಿನ ಸ್ವತ್ತೂ ಅಲ್ಲ. ಅದು ಸಾರ್ವಜನಿಕ ಭೂಮಿ. ಪಕ್ಕದಲ್ಲೇ ಇರುವ, ಜಗತ್ಪ್ರಸಿದ್ಧ ‘ರಾಯಲ್ ಅಂಡ್ ಏನ್ಷಿಯಂಟ್’ ಕ್ಲಬ್ಬಿನ ಮೂಲಸಂಘ ಹುಟ್ಟಿದ್ದು 1754ರಲ್ಲಿ. ಅದಕ್ಕಿಂತ ಎರಡು ಶತಮಾನ ಮೊದಲೇ, 1552ರ ಒಂದು ಸನದಿನಲ್ಲಿ, ಈ ಬಯಲಿನಲ್ಲಿ ಆಡುವ ಊರವರ ಹಕ್ಕನ್ನು ಆರ್ಚ್‌ಬಿಷಪ್ ಹ್ಯಾಮಿಲ್ಟನ್ ಮನ್ನಿಸಿದ್ದ. ಒಂದನೆಯ ಮತ್ತು ಹದಿನೆಂಟನೆಯ ಕುಳಿಗಳ ಹಾದಿಯನ್ನು ಒಂದು ಬೀದಿಯೇ ಅಡ್ಡ ಹಾಯ್ದು ಹೋಗುತ್ತದೆ. ಆಟಗಾರ ಹೊಡೆಯಲು ನಿಂತಾಗ ದಾರಿಹೋಕರು ಒಂದು ಕ್ಷಣ ನಿಂತು, ಚೆಂಡು ಹೋದ ಮೇಲೆ ಸಮುದ್ರದ ಕಡೆಗೆ ನಡೆಯುತ್ತಾರೆ.

ವಿಷ್ಣು ವಿಗ್ರಹದ ಕಟ್ಟು

ಮೊದಲು ಗಾಲ್ಫಿನಲ್ಲಿ ಕಬ್ಬಿಣಕ್ಕೆ ಅಂಥ ಮಾನವೇನೂ ಇರಲಿಲ್ಲ. ಆಗ ಆಡುತ್ತಿದ್ದದ್ದು ಗರಿಯ ಚೆಂಡಿನಲ್ಲಿ. ಚರ್ಮದ ಚೀಲದೊಳಗೆ ಬೇಯಿಸಿದ ಹಕ್ಕಿಗರಿಗಳನ್ನು ಗಿಡಿದು ತುಂಬಿ ಹೊಲಿದ ಚೆಂಡು ಅದು. ಒಬ್ಬ ಕುಶಲಕರ್ಮಿ ದಿನವಿಡೀ ದುಡಿದರೂ ಮೂರು ನಾಲ್ಕಕ್ಕಿಂತ ಹೆಚ್ಚು ಮಾಡಲಾಗುತ್ತಿರಲಿಲ್ಲ. ಬೆಲೆ ಕೋಲಿಗಿಂತಲೂ ಹೆಚ್ಚು. ಕಬ್ಬಿಣದ ಅಂಚು ತಗುಲಿದರೆ ಚರ್ಮ ಸೀಳಿ ಗರಿಯೆಲ್ಲ ಹೊರಗೆ! ಹೀಗಾಗಿ ಆಟವೆಲ್ಲ ಮರದ ಕೋಲುಗಳಲ್ಲಿ ನಡೆಯುತ್ತಿತ್ತು. ಮರಳಿನಲ್ಲೋ ಬಂಡಿಯ ಗಾಲಿ ಕೊರೆದ ಜಾಡಿನಲ್ಲೋ ಚೆಂಡು ಸಿಕ್ಕಿಕೊಂಡಾಗ ಮಾತ್ರ ಕಮ್ಮಾರ ಬಡಿದುಕೊಟ್ಟ ಒಂದೆರಡು ಕಬ್ಬಿಣ ಹೊರಬರುತ್ತಿದ್ದವು.

ಈ ಸ್ಥಿತಿ ಬದಲಾದ ಬಗ್ಗೆ ಊರಿನಲ್ಲಿ ಹೇಳುವ ಕತೆ ಭಾರತೀಯರ ಕಿವಿ ನಿಮಿರಿಸುವಂಥದ್ದು. 1843ರಲ್ಲಿ ಪೂರ್ವದೇಶದಿಂದ ಸೇಂಟ್ ಆಂಡ್ರೂಸಿಗೆ ಒಂದು ವಿಷ್ಣು ವಿಗ್ರಹ ಬಂತಂತೆ. ದಾರಿಯಲ್ಲಿ ಮುಕ್ಕಾಗದಿರಲೆಂದು ಅದರ ಸುತ್ತ ಗಟ್ಟಾಪರ್ಚಾ ಎಂಬ ವಸ್ತುವನ್ನು ತುಂಬಿದ್ದರಂತೆ. ಮಲಯದ ಕಾಡಿನ ಮರವೊಂದರ ಹಾಲಿನಿಂದ ಆಗುವ ಈ ಅಂಟು ಬಿಸಿನೀರಿಗೆ ಹಾಕಿದರೆ ಮೆತ್ತಗಾಗುತ್ತದೆ, ಆರಿದರೆ ಕಲ್ಲಿನಂತಾಗುತ್ತದೆ. ಗರಿಯ ಚೆಂಡು ಕೊಳ್ಳಲು ಕಾಸಿಲ್ಲದ ರಾಬರ್ಟ್ ಪ್ಯಾಟರ್ಸನ್ ಎಂಬ ವಿದ್ಯಾರ್ಥಿ ಅದನ್ನು ಮೆತ್ತಗೆ ಮಾಡಿ ಉಂಡೆ ಕಟ್ಟಿ, ಬಣ್ಣ ಬಳಿದು, ಓಲ್ಡ್ ಕೋರ್ಸಿನಲ್ಲಿ ಹೊಡೆದು ನೋಡಿದನಂತೆ. ಕೆಲವೇ ಹೊಡೆತಕ್ಕೆ ಚೆಂಡು ಒಡೆದು ಹೋಯಿತಂತೆ. ವಿಗ್ರಹದ ಕತೆಯಲ್ಲಿ ಎಷ್ಟು ಉಪ್ಪುಖಾರ ಬೆರೆತಿದೆಯೋ, 1848ರ ಹೊತ್ತಿಗೆ ಗಟ್ಟಾಪರ್ಚಾ ಚೆಂಡು ಆಟಕ್ಕೆ ಬಂದದ್ದಂತೂ ಇತಿಹಾಸ.

ಹೊಸ ಚೆಂಡು ಅಗ್ಗ. ಗಟ್ಟಿ. ಕಬ್ಬಿಣ ತಗುಲಿದರೆ ಸೀಳುವುದಿಲ್ಲ. ಅಷ್ಟೇ ಅಲ್ಲ, ನುಣ್ಣನೆಯ ಹೊಸ ಚೆಂಡಿಗಿಂತ ಕಬ್ಬಿಣದ ಏಟು ತಿಂದು ಗಾಯಗೊಂಡ ಚೆಂಡೇ ಗಾಳಿಯಲ್ಲಿ ನೆಟ್ಟಗೆ ಹಾರುತ್ತದೆ ಎಂಬುದನ್ನು ಆಟಗಾರರು ಕಂಡುಕೊಂಡರು. ಆಮೇಲೆ ತಯಾರಕರೇ ಸುತ್ತಿಗೆಯಿಂದ ಗೀರು ಹಾಕತೊಡಗಿದರು. ಇಂದಿನ ಚೆಂಡಿನ ಮೈಮೇಲಿರುವ ಗುಳಿಗಳ ಪೂರ್ವಜರು ಈ ಗೀರುಗಳೇ.

ಎಲ್ಲರಿಗೂ ಇದು ಹಿಡಿಸಲಿಲ್ಲ. ಆ ಕಾಲದ ಅಗ್ರ ಆಟಗಾರ ಅಲನ್ ರಾಬರ್ಟ್‌ಸನ್ನನ ಜೀವನ ನಡೆಯುತ್ತಿದ್ದದ್ದೇ ಗರಿಯ ಚೆಂಡಿನಿಂದ. ತನ್ನ ಬಳಿ ಕೆಲಸ ಕಲಿತ ಟಾಮ್ ಮಾರಿಸ್ ಒಂದು ದಿನ ಹೊಸ ಚೆಂಡಿನಲ್ಲಿ ಆಡಿದ್ದನ್ನು ಕಂಡು ಅವನು ಸಿಡಿದ. ಇಬ್ಬರೂ ಬೇರೆಯಾದರು. ಕಾಲ ಮಾತ್ರ ಮಾರಿಸ್‌ನ ಕಡೆಗಿತ್ತು. ಓಪನ್ ಚಾಂಪಿಯನ್‌ಷಿಪ್ಪನ್ನು ನಾಲ್ಕು ಬಾರಿ ಗೆದ್ದು, ಈ ಬಯಲಿನ ಮೇಲ್ವಿಚಾರಕನಾಗಿ ಮರಳಿ ಬಂದ ಅವನನ್ನು ಗಾಲ್ಫ್ ಲೋಕ ‘ಓಲ್ಡ್ ಟಾಮ್’ ಎಂದು ಕರೆಯುತ್ತದೆ. ಹದಿನೆಂಟನೆಯ ಗ್ರೀನಿನ ಮಗ್ಗುಲಲ್ಲಿ ಅವನ ಅಂಗಡಿಯಿದ್ದ ಕಟ್ಟಡ ಇಂದಿಗೂ ನಿಂತಿದೆ.

ಬಂಡಿಜಾಡಿನಿಂದ ಬಯಲಿಗೆ

ಓಲ್ಡ್ ಟಾಮ್‌ನ ಮಗನೂ ಟಾಮ್. ಊರವರಿಗೆ ‘ಯಂಗ್ ಟಾಮಿ’. 1868, 1869, 1870 ಮತ್ತು 1872ರಲ್ಲಿ ಓಪನ್ ಗೆದ್ದವನು. 1871ರಲ್ಲಿ ಪಂದ್ಯವೇ ನಡೆಯಲಿಲ್ಲ. ಬಂಡಿಜಾಡಿನಲ್ಲಿ ಬಿದ್ದ ಚೆಂಡನ್ನು ಎತ್ತಲೆಂದೇ ಆಗ ‘ರಟ್ ಐರನ್’ ಎಂಬ ಪುಟ್ಟ ತಲೆಯ ಕೋಲಿತ್ತು. ಸಂಕಟ ಬಂದಾಗ ಮಾತ್ರ ನೆನಪಾಗುತ್ತಿದ್ದ ಈ ಕೋಲನ್ನು ಟಾಮಿ ಚೆನ್ನಾದ ಹುಲ್ಲಿನ ಮೇಲೂ ಹಿಡಿದ. ಚೆಂಡನ್ನು ಎತ್ತರಕ್ಕೆ ಹಾರಿಸಿ, ಗ್ರೀನಿನ ಮೇಲೆ ಬಿದ್ದಲ್ಲೇ ನಿಲ್ಲುವಂತೆ ಮಾಡಿ ತೋರಿಸಿದ. ಕೋಲು ಹಳೆಯದೇ. ಅದರಿಂದ ಏನು ಮಾಡಬಹುದೆಂದು ಕಂಡ ಕಣ್ಣು ಹೊಸದು.

ಟಾಮಿಯ ಬಾಳು ಚಿಕ್ಕದಾಯಿತು. 1875ರ ಸೆಪ್ಟೆಂಬರಿನಲ್ಲಿ ಹೆರಿಗೆಯಲ್ಲಿ ಹೆಂಡತಿಯೂ ಮಗುವೂ ತೀರಿಕೊಂಡರು. ಅದೇ ವರ್ಷ ಕ್ರಿಸ್‌ಮಸ್ ದಿನ, ಇಪ್ಪತ್ನಾಲ್ಕರ ವಯಸ್ಸಿನಲ್ಲಿ ಅವನೂ ಹೋದ. ಕೆಥೆಡ್ರಲ್ಲಿನ ಸ್ಮಶಾನದ ಗೋಡೆಯಲ್ಲಿ ಕೋಲು ಹಿಡಿದು ಹೊಡೆತಕ್ಕೆ ಸಿದ್ಧನಾಗಿ ನಿಂತ ಅವನ ಶಿಲ್ಪವಿದೆ. ಮಗ ತೀರಿಕೊಂಡ ಮೇಲೆ ಮೂವತ್ತೆರಡು ವರ್ಷಕ್ಕೂ ಹೆಚ್ಚು ಕಾಲ ಬದುಕಿದ ತಂದೆಯ ಸಮಾಧಿಯೂ ಅಲ್ಲಿಯೇ.

ಹೊಂದಿಕೆಯ ಗುಟ್ಟು

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಐರನ್‌ಗಳಿಗೆ ನಂಬರಿರಲಿಲ್ಲ, ಹೆಸರಿದ್ದವು. ಕ್ಲೀಕ್, ಮಿಡ್ ಐರನ್, ಮ್ಯಾಷಿ, ನಿಬ್ಲಿಕ್ ಹೀಗೆ. ಸೆಟ್ ಎಂದು ಕೊಳ್ಳುವ ರೂಢಿಯೂ ಇರಲಿಲ್ಲ. ಆಟಗಾರ ಒಂದೊಂದೇ ಕೋಲನ್ನು ಕೈಯಲ್ಲಿ ತೂಗಿ, ಬೀಸಿ, ಮನಸ್ಸಿಗೆ ಬಂದರೆ ಕೊಳ್ಳುತ್ತಿದ್ದ. ಸೇಂಟ್ ಆಂಡ್ರೂಸಿನ ಟಾಮ್ ಸ್ಟುವರ್ಟ್ ಎಂಬ ಕಮ್ಮಾರನ ಐರನ್‌ಗಳಿಗೆ ಆಗ ದೊಡ್ಡ ಹೆಸರು. ಹೊಗೆ ಸೇದುವ ಪೈಪಿನ ಚಿತ್ರ ಅವನ ಮುದ್ರೆ.

ಪೈಪಿನ ಮುದ್ರೆಯ ಐರನ್ ಹಿಡಿದವರಲ್ಲಿ ಅಮೆರಿಕದ ಬಾಬಿ ಜೋನ್ಸ್ ಒಬ್ಬ. 1921ರಲ್ಲಿ, ಹತ್ತೊಂಬತ್ತರ ಹರೆಯದಲ್ಲಿ ಅವನು ಮೊದಲ ಬಾರಿ ಇಲ್ಲಿ ಓಪನ್ ಆಡಿದಾಗ ಹನ್ನೊಂದನೆಯ ಕುಳಿಯ ಬಳಿ ಮರಳಗುಂಡಿಯಲ್ಲಿ ಸಿಕ್ಕಿಬಿದ್ದು, ರೋಸಿ, ಪಂದ್ಯವನ್ನೇ ಕೈಬಿಟ್ಟ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎನ್ನುವುದಕ್ಕೆ ಆ ದಿನ ಅವನೇ ಉದಾಹರಣೆ. ಆದರೆ ಅವನು ಅಲ್ಲಿಗೇ ನಿಲ್ಲಲಿಲ್ಲ. ಸಿಟ್ಟನ್ನು ಗೆದ್ದ, 1927ರಲ್ಲಿ ಇದೇ ಬಯಲಿನಲ್ಲಿ ಓಪನ್ ಗೆದ್ದ, 1930ರಲ್ಲಿ ಇಲ್ಲಿಯೇ ಬ್ರಿಟಿಷ್ ಅಮೆಚೂರ್ ಪ್ರಶಸ್ತಿ ಗೆದ್ದು, ಒಂದೇ ವರ್ಷದಲ್ಲಿ ನಾಲ್ಕು ದೊಡ್ಡ ಪ್ರಶಸ್ತಿಗಳ ಸರಣಿ ಆರಂಭಿಸಿದ. 1958ರಲ್ಲಿ ಊರು ಅವನಿಗೆ ಗೌರವ ಪೌರತ್ವ ಕೊಟ್ಟಿತು. ಹತ್ತನೆಯ ಕುಳಿಗೆ ಇಂದು ಅವನದೇ ಹೆಸರು.

ಜೋನ್ಸನ ಕೋಲುಗಳ ಬಗ್ಗೆ ಗಾಲ್ಫ್ ಲೋಕದಲ್ಲಿ ಮತ್ತೆ ಮತ್ತೆ ಹೇಳುವ ಪ್ರಸಂಗವೊಂದಿದೆ. ಕೈಯ ಅಂದಾಜಿನಿಂದ ಒಂದೊಂದಾಗಿ ಆರಿಸಿದ ಆ ಕೋಲುಗಳನ್ನು ಅವನು ನಿವೃತ್ತನಾದ ಮೇಲೆ ಯಂತ್ರದಲ್ಲಿಟ್ಟು ತೂಗಿದರು. ತೂಕದ ಹಂಚಿಕೆ ಎಲ್ಲವುದರಲ್ಲೂ ಹೊಂದಿಕೊಂಡಿತ್ತು, ಒಂದರ ಹೊರತು. ಅದು ಮ್ಯಾಷಿ ನಿಬ್ಲಿಕ್, ಇಂದಿನ ಎಂಟನೇ ಐರನ್ನಿನಂಥದ್ದು. ಆಡುವ ಕಾಲದಲ್ಲಿ ಜೋನ್ಸನಿಗೆ ಸದಾ ಕಾಟ ಕೊಟ್ಟಿದ್ದೂ ಅದೊಂದೇ ಕೋಲು! ಕೈಗೆ ಗೊತ್ತಿದ್ದದ್ದನ್ನು ಯಂತ್ರ ಆಮೇಲೆ ಹೇಳಿತು.

ಸೆಟ್ ಎಂಬ ಕಲ್ಪನೆಯ ತಿರುಳು ಇದೇ. ಹಿಕರಿ ಮರದ ಹಿಡಿಗೆ ಬದಲಾಗಿ ಉಕ್ಕಿನ ಶಾಫ್ಟಿಗೆ 1929ರಲ್ಲಿ ಬ್ರಿಟನ್ನಿನಲ್ಲಿ ಅನುಮತಿ ಸಿಕ್ಕಿತು. ಒಂದೇ ಅಳತೆಯ ಕೋಲುಗಳನ್ನು ಸಾಲಾಗಿ ಮಾಡುವುದು ಸುಲಭವಾಯಿತು. ಹೆಸರು ಹೋಗಿ ನಂಬರು ಬಂತು. ಚೀಲದಲ್ಲಿ ಇಪ್ಪತ್ತು ಮೂವತ್ತು ಕೋಲು ತುಂಬುವ ಚಾಳಿಯೂ ಬೆಳೆಯಿತು. ಕೊನೆಗೆ 1938ರಲ್ಲಿ ಅಮೆರಿಕದಲ್ಲಿ, 1939ರಲ್ಲಿ ಸೇಂಟ್ ಆಂಡ್ರೂಸಿನಲ್ಲಿ ಹದಿನಾಲ್ಕರ ಮಿತಿ ಹಾಕಿದರು. ಬೇಕಾದದ್ದೆಲ್ಲ ಹೊರುವಂತಿಲ್ಲ, ಆರಿಸಬೇಕು ಎಂಬುದು ಅಂದಿನಿಂದ ಆಟದ ನಿಯಮವೇ ಆಯಿತು.

ಎಂಜಿನಿಯರನ ಎರಕ

ಕಮ್ಮಾರ ಕಾಸಿ ಬಡಿದ ಐರನ್ನಿನ ಬೆನ್ನು ನಯವಾಗಿ ಚಪ್ಪಟೆಯಾಗಿರುತ್ತಿತ್ತು. ಇದಕ್ಕೆ ‘ಬ್ಲೇಡ್’ ಎಂದು ಹೆಸರು. ನೋಡಲು ಚೂರಿಯಷ್ಟು ಚೆಂದ. ಮುಖದ ನಟ್ಟನಡುವೆ ಚೆಂಡು ತಗುಲಿದರೆ ಕೈಗೆ ಬೆಣ್ಣೆ ಕತ್ತರಿಸಿದ ಅನುಭವ. ಅರ್ಧ ಅಂಗುಲ ಆಚೀಚೆಯಾದರೆ ಮಾತ್ರ ತಲೆ ತಿರುಚಿಕೊಂಡು ಚೆಂಡು ಎತ್ತಲೋ ಹೋಗುತ್ತದೆ, ಚಳಿಯಲ್ಲಿ ಬೆರಳು ಜುಮ್ಮೆನ್ನುತ್ತದೆ.

ಇದಕ್ಕೆ ಪರಿಹಾರ ಹುಡುಕಿದವರಲ್ಲಿ ಮುಖ್ಯನಾದವನು ಗಾಲ್ಫ್ ಮನೆತನದವನಲ್ಲ. ನಾರ್ವೆಯಲ್ಲಿ 1911ರಲ್ಲಿ ಹುಟ್ಟಿ, ಅಮೆರಿಕದ ಸಿಯಾಟಲ್‌ನಲ್ಲಿ ಬೆಳೆದ ಕಾರ್ಸ್ಟನ್ ಸೋಲ್ಹೈಮ್ ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಎಂಜಿನಿಯರಿಂಗ್ ಓದನ್ನು ನಿಲ್ಲಿಸಿ ಪಾದರಕ್ಷೆ ದುರಸ್ತಿಯ ಕೆಲಸ ಹಿಡಿದವನು. ಮುಂದೆ ಎಂಜಿನಿಯರನೇ ಆಗಿ ಜನರಲ್ ಎಲೆಕ್ಟ್ರಿಕ್ ಕಂಪನಿ ಸೇರಿದ. ಸಹೋದ್ಯೋಗಿಗಳ ಒತ್ತಾಯಕ್ಕೆ ನಲವತ್ತೆರಡರ ವಯಸ್ಸಿನಲ್ಲಿ ಗಾಲ್ಫ್ ಕೋಲು ಹಿಡಿದ. ತನ್ನ ತಪ್ಪಿಗೆ ಕಾರಣವನ್ನು ಕೋಲಿನ ಭೌತಶಾಸ್ತ್ರದಲ್ಲಿ ಹುಡುಕಿದ. ತೂಕವನ್ನು ನಡುವಿನಿಂದ ತೆಗೆದು ಎರಡು ತುದಿಗಳಿಗೆ ಹಂಚಿ 1959ರಲ್ಲಿ ಒಂದು ಪಟರ್ ಮಾಡಿದ. ಚೆಂಡಿಗೆ ತಾಗಿದಾಗ ಅದು ‘ಪಿಂಗ್’ ಎಂದು ಸದ್ದು ಮಾಡುತ್ತಿತ್ತು. ಕಂಪನಿಯ ಹೆಸರೂ ಅದೇ ಆಯಿತು.

ಹಗ್ಗದ ಮೇಲೆ ನಡೆಯುವವರು ಉದ್ದದ ಗಳು ಅಡ್ಡ ಹಿಡಿಯುವುದನ್ನು ಜಾತ್ರೆಗಳಲ್ಲಿ ಎಲ್ಲರೂ ನೋಡಿದ್ದಾರೆ. ತೂಕ ಎರಡು ಕಡೆ ದೂರದಲ್ಲಿದ್ದಷ್ಟೂ ಮೈ ಸುಲಭವಾಗಿ ತಿರುಗದು. ಸೋಲ್ಹೈಮ್ ಇದೇ ತತ್ವವನ್ನು ಐರನ್‌ಗಳಿಗೂ ತಂದ. ಬೆನ್ನನ್ನು ತೋಡಿ, ಉಳಿದ ಲೋಹವನ್ನು ಅಂಚಿನ ಸುತ್ತ ಹರಡಿದ. ‘ಕ್ಯಾವಿಟಿ ಬ್ಯಾಕ್’ ಎಂದು ಹೆಸರಾದ ಈ ಬಗೆ ತಪ್ಪು ಹೊಡೆತವನ್ನು ಸ್ವಲ್ಪ ಮಟ್ಟಿಗೆ ಕ್ಷಮಿಸುತ್ತದೆ. ಇಂಥ ಆಕಾರವನ್ನು ಬಡಿದು ಮಾಡುವುದು ಕಷ್ಟ, ಎರಕ ಹೊಯ್ಯಬೇಕು. ಮೇಣದ ಅಚ್ಚಿನ ಸುತ್ತ ಮಣ್ಣಿನಂಥ ಕವಚ ಕಟ್ಟಿ, ಮೇಣ ಕರಗಿಸಿ, ಆ ಜಾಗಕ್ಕೆ ಕಾಯ್ದ ಲೋಹ ಸುರಿಯುವುದು. ದಕ್ಷಿಣ ಭಾರತದ ಶಿಲ್ಪಿಗಳು ಪಂಚಲೋಹದ ವಿಗ್ರಹಗಳನ್ನು ಶತಮಾನಗಳಿಂದ ಮಾಡುತ್ತ ಬಂದಿರುವುದೂ ಇದೇ ತತ್ವದಿಂದ.

ಬಯಲಿನ ಪರೀಕ್ಷೆ

ಹಾಗಾದರೆ ಯಾವುದನ್ನು ಆರಿಸಬೇಕು? ಇಂದು ಅಭ್ಯಾಸದ ಬಯಲಿನಲ್ಲಿ ನಡೆಯುವ ‘ಫಿಟ್ಟಿಂಗ್’ ಎಂಬ ಪರೀಕ್ಷೆ ದರ್ಜಿಯ ಅಳತೆಯಂತೆಯೇ. ಆಟಗಾರ ಒಂದೇ ನಂಬರಿನ, ಬೇರೆ ಬೇರೆ ಬಗೆಯ ಐರನ್‌ಗಳಿಂದ ಹತ್ತಾರು ಚೆಂಡು ಹೊಡೆಯುತ್ತಾನೆ. ಪಕ್ಕದ ಯಂತ್ರ ಚೆಂಡಿನ ವೇಗ, ಏರಿದ ಕೋನ, ಸುತ್ತಿನ ವೇಗ, ಬಿದ್ದ ದೂರ ಇವನ್ನು ಬರೆದುಕೊಳ್ಳುತ್ತದೆ. ಎಲ್ಲಕ್ಕಿಂತ ದೂರ ಹೋದ ಒಂದು ಹೊಡೆತವನ್ನು ನೋಡಿ ಮರುಳಾಗಬಾರದು. ಹತ್ತು ಹೊಡೆತಗಳು ಎಷ್ಟು ಹತ್ತಿರ ಹತ್ತಿರ ಬಿದ್ದಿವೆ ಎಂಬುದೇ ಮುಖ್ಯ.

ಮೊದಲ ಲೆಕ್ಕ ಶಾಫ್ಟಿನದು. ವೇಗವಾಗಿ ಬೀಸುವವರಿಗೆ ಬಿಗಿಯಾದ, ಭಾರದ ಉಕ್ಕು ಹೊಂದುತ್ತದೆ. ನಿಧಾನವಾಗಿ ಬೀಸುವವರಿಗೆ ಹಗುರವಾದ, ಬಳುಕುವ ಗ್ರಾಫೈಟ್ ಸಹಾಯ ಮಾಡುತ್ತದೆ. ಎರಡನೆಯದು ಕೋಲು ನೆಲದ ಮೇಲೆ ಕೂರುವ ರೀತಿ. ತಲೆಯ ತುದಿ ನೆಲದಿಂದ ಮೇಲೆದ್ದಿದ್ದರೆ ಬಲಗೈ ಆಟಗಾರನ ಚೆಂಡು ಎಡಕ್ಕೆ ವಾಲುತ್ತದೆ. ತುದಿ ನೆಲಕ್ಕೆ ಕುಕ್ಕಿದ್ದರೆ ಬಲಕ್ಕೆ. ಎಷ್ಟೋ ಮಂದಿ ವರ್ಷಗಟ್ಟಲೆ ತಮ್ಮ ಭುಜ ಸರಿಯಿಲ್ಲ, ಮಣಿಕಟ್ಟು ಸರಿಯಿಲ್ಲ ಎಂದು ಒದ್ದಾಡುವುದು ಒಂದೆರಡು ಡಿಗ್ರಿ ಬಾಗಿಸಿದರೆ ಮುಗಿಯುವ ತಾಪತ್ರಯಕ್ಕೆ. ಮೂರನೆಯದು ಹಿಡಿಯ ದಪ್ಪ. ನಾಲ್ಕನೆಯದು ತಳದ ಅಗಲ. ಸೇಂಟ್ ಆಂಡ್ರೂಸಿನಂಥ ಮರಳುಮಿಶ್ರಿತ ಗಟ್ಟಿ ನೆಲಕ್ಕೆ ತೆಳು ತಳ ಸರಿ. ಮಳೆಯಲ್ಲಿ ನೆಂದ ಮೆತ್ತನೆಯ ನೆಲದಲ್ಲಿ ಅದೇ ಕೋಲು ಗುದ್ದಲಿಯಂತೆ ಹೂತುಕೊಳ್ಳುತ್ತದೆ. ಅಲ್ಲಿಗೆ ಅಗಲ ತಳ ಬೇಕು.

ಕೊಳ್ಳುವವರು ಎಚ್ಚರದಿಂದ ನೋಡಬೇಕಾದ್ದು ಇನ್ನೊಂದಿದೆ. ಐವತ್ತು ವರ್ಷಗಳ ಹಿಂದೆ ಏಳನೇ ಐರನ್ನಿನ ಓರೆ ಸುಮಾರು 36 ಡಿಗ್ರಿ ಇರುತ್ತಿತ್ತು. ದೂರಕ್ಕೆಂದೇ ಮಾಡಿದ ಇಂದಿನ ಹಲವು ಸೆಟ್ಟುಗಳಲ್ಲಿ ಅದು 30 ಅಥವಾ ಅದಕ್ಕಿಂತಲೂ ಕಡಿಮೆ. ಅಂದರೆ ಹಿಂದಿನ ಐದನೇ ಐರನ್ನಿಗೆ ಹತ್ತಿರವಾದ ಓರೆಗೆ ಇಂದು ಏಳೆಂಬ ನಂಬರು. ‘ಈ ಏಳನೇ ಐರನ್ ಹದಿನೈದು ಗಜ ಹೆಚ್ಚು ಹೋಯಿತು’ ಎಂದು ಹಿಗ್ಗುವವನು ತನ್ನ ತೋಳಿನ ಶಕ್ತಿ ಹೆಚ್ಚಿತೋ, ನಂಬರಿನ ಅರ್ಥ ಬದಲಾಯಿತೋ ಎಂದು ಕೇಳಿಕೊಳ್ಳಬೇಕು.

ಇನ್ನು ಬ್ಲೇಡೋ ಕ್ಯಾವಿಟಿಯೋ ಎಂಬ ಪ್ರಶ್ನೆ. ಚೆಂಡನ್ನು ಬೇಕಾದ ಹಾಗೆ ಬಳುಕಿಸಬಲ್ಲ ನಿಪುಣರಿಗೆ ಬ್ಲೇಡ್ ಕೊಡುವ ಹಿಡಿತ ಬೇಕು. 2000ದಲ್ಲಿ ಇದೇ ಓಲ್ಡ್ ಕೋರ್ಸಿನಲ್ಲಿ ನಾಲ್ಕು ದಿನ ಒಂದು ಬಂಕರಿಗೂ ಚೆಂಡು ಬೀಳಿಸದೆ ಓಪನ್ ಗೆದ್ದ ಟೈಗರ್ ವುಡ್ಸ್ ಚೀಲದಲ್ಲಿದ್ದದ್ದು ಬ್ಲೇಡ್. ಆದರೆ ದೊಡ್ಡ ಆಟಗಾರರಲ್ಲೂ ಅನೇಕರು ಇಂದು ಉದ್ದದ ಐರನ್‌ಗಳಲ್ಲಿ ಕ್ಯಾವಿಟಿ, ಗಿಡ್ಡವಾದವುಗಳಲ್ಲಿ ಬ್ಲೇಡ್ ಎಂದು ಬೆರೆಸಿಕೊಳ್ಳುತ್ತಾರೆ. ವಾರಕ್ಕೊಮ್ಮೆ ಆಡುವವನು ವುಡ್ಸ್ ಹಿಡಿಯುವ ಕೋಲೇ ಬೇಕೆಂದು ಹಟ ಹಿಡಿದರೆ, ಅವನು ಕೊಳ್ಳುತ್ತಿರುವುದು ಕೋಲನ್ನಲ್ಲ, ಕನ್ನಡಿಯನ್ನು.

ಮಕ್ಕಳ ಕೈಗೆ ಯಾವುದು?

ಸೇಂಟ್ ಆಂಡ್ರೂಸಿನಲ್ಲಿ ಏಳು ಸಾರ್ವಜನಿಕ ಕೋರ್ಸುಗಳಿವೆ. ಅವುಗಳಲ್ಲಿ ಚಿಕ್ಕದು ಒಂಬತ್ತು ಕುಳಿಗಳ ಬಲ್ಗೋವ್. ಅದು ಮಕ್ಕಳಿಗೂ ಹೊಸಬರಿಗೂ ಮೀಸಲು. ಹದಿನಾಲ್ಕು ಕೋಲು ಅಲ್ಲಿ ಯಾರಿಗೂ ಬೇಕಿಲ್ಲ. ಒಂದೆರಡು ಐರನ್, ಒಂದು ಪಟರ್ ಸಾಕು.

ಅಪ್ಪನ ಹಳೆಯ ಐರನ್ನುಗಳನ್ನು ಕತ್ತರಿಸಿ ಮಗುವಿಗೆ ಕೊಡುವುದು ಎಲ್ಲ ದೇಶದ ತಂದೆತಾಯಿಯರೂ ಮಾಡುವ ಕೆಲಸ. ಉಳಿತಾಯವೇನೋ ಹೌದು. ಆದರೆ ಶಾಫ್ಟ್ ಗಿಡ್ಡವಾದಷ್ಟೂ ಹೆಚ್ಚು ಬಿಗಿಯಾಗುತ್ತದೆ. ತಲೆಯ ಭಾರ ಮಾತ್ರ ದೊಡ್ಡವರದೇ ಉಳಿಯುತ್ತದೆ. ಎಂಟು ವರ್ಷದ ಮಗು ಅದನ್ನು ಬೀಸಲಾರದೆ ಮೈಯನ್ನೇ ತಿರುಚಿ ಎಸೆಯುತ್ತದೆ. ಆ ವಕ್ರ ಅಭ್ಯಾಸ ದೊಡ್ಡವನಾದ ಮೇಲೂ ಬಿಡದು. ಹಗುರವಾದ ಎರಡೇ ಕೋಲು, ಮಗುವಿನ ಎತ್ತರಕ್ಕೆ ಸರಿಯಾದದ್ದು, ಭಾರದ ಪೂರ್ತಿ ಸೆಟ್ಟಿಗಿಂತ ಮೇಲು. ಮುಂದೆ ಬೆಳೆಯುತ್ತಾನೆಂದು ಎರಡು ಅಳತೆ ದೊಡ್ಡ ಬೂಟು ಹಾಕಿಸಿ ಓಟದ ಪಂದ್ಯಕ್ಕೆ ಯಾರೂ ಕಳಿಸುವುದಿಲ್ಲವಲ್ಲ.

ಇದಕ್ಕೆ ಬೆಂಗಳೂರಿನಲ್ಲೇ ಒಳ್ಳೆಯ ಉದಾಹರಣೆಯಿದೆ. ಬೆಂಗಳೂರು ಗಾಲ್ಫ್ ಕ್ಲಬ್ ಸ್ಥಾಪನೆಯಾದದ್ದು 1876ರಷ್ಟು ಹಿಂದೆಯೇ. ಅದೇ ನಗರದ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಬಯಲಿನಲ್ಲಿ ಪುಟ್ಟ ಹುಡುಗಿಯಾಗಿ ಆಟ ಶುರು ಮಾಡಿದ ಅದಿತಿ ಅಶೋಕ್ 2016ರ ರಿಯೋ ಒಲಿಂಪಿಕ್ಸಿನಲ್ಲಿ ಆಡಿದಾಗ ಚೀಲ ಹೊತ್ತವರು ತಂದೆ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ಚೀಲ ಹೊತ್ತವರು ತಾಯಿ. ಅಲ್ಲಿ ಒಂದೇ ಒಂದು ಹೊಡೆತದಿಂದ ಪದಕ ತಪ್ಪಿ ನಾಲ್ಕನೆಯ ಸ್ಥಾನ ಬಂತು. ಅದಿತಿ ಬಲು ದೂರ ಹೊಡೆಯುವವರ ಸಾಲಿಗೆ ಸೇರಿದವರಲ್ಲ. ಬೇರೆಯವರು ಐರನ್ ಹಿಡಿಯುವ ದೂರದಲ್ಲಿ ಅವರು ಅನೇಕ ಸಲ ವುಡ್ ಅಥವಾ ಹೈಬ್ರಿಡ್ ಹಿಡಿಯಬೇಕಾಗುತ್ತದೆ. ಅದನ್ನು ಕೊರತೆ ಎಂದು ಮುಚ್ಚಿಡದೆ, ಆ ಕೋಲುಗಳಲ್ಲೇ ಗುರಿ ಸಾಧಿಸಿ, ಗ್ರೀನಿನ ಮೇಲೆ ಪಟರಿನಿಂದ ಉಳಿದ ಲೆಕ್ಕ ತೀರಿಸಿದರು. ಟೋಕಿಯೋದಲ್ಲಿ ಅವರಿಗಿಂತ ಒಂದು ಹೊಡೆತ ಮುಂದಿದ್ದು ಕಂಚು ಪಡೆದ ನ್ಯೂಜಿಲೆಂಡಿನ ಲಿಡಿಯಾ ಕೊ 2024ರಲ್ಲಿ ಓಲ್ಡ್ ಕೋರ್ಸಿನಲ್ಲಿ ಮಹಿಳಾ ಓಪನ್ ಗೆದ್ದರು ಎಂಬುದನ್ನು ನೆನೆದರೆ ಆ ಒಂದು ಹೊಡೆತದ ದೂರ ಎಷ್ಟು ಕಡಿಮೆ ಎಂಬುದು ತಿಳಿಯುತ್ತದೆ.

ರಸ್ತೆಯ ಪಕ್ಕದ ಗೋಡೆ

ಸರಿಯಾದ ಸೆಟ್ ಆರಿಸಿದ ಮಾತ್ರಕ್ಕೆ ಎಲ್ಲ ಮುಗಿಯಿತೇ? ಹದಿನೇಳನೆಯ ಕುಳಿಯ ಬಳಿ ಬಂದವರಿಗೆ ಉತ್ತರ ಸಿಗುತ್ತದೆ. ‘ರೋಡ್ ಹೋಲ್’ ಎಂದು ಹೆಸರಾದ ಇಲ್ಲಿ ಗ್ರೀನಿನ ಈಚೆ ಆಳದ ಬಂಕರ್, ಆಚೆ ಹಳೆಯ ರಸ್ತೆ, ರಸ್ತೆಗೆ ಒತ್ತಿ ಕಲ್ಲಿನ ಗೋಡೆ. ಚಿಕ್ಕದಾದರೂ ಅಪಾಯ, ದೊಡ್ಡದಾದರೂ ಅಪಾಯ.

1984ರ ಓಪನ್ನಿನ ಕೊನೆಯ ದಿನ. ಐದು ಬಾರಿ ಓಪನ್ ಗೆದ್ದಿದ್ದ ಅಮೆರಿಕದ ಟಾಮ್ ವಾಟ್ಸನ್ನನಿಗೆ ಆರನೆಯದನ್ನೂ ಗೆದ್ದು ಹ್ಯಾರಿ ವಾರ್ಡನ್ನನ ದಾಖಲೆ ಸರಿಗಟ್ಟುವ ಅವಕಾಶ. ಮುಂದೆ ಆಡುತ್ತಿದ್ದ ಸ್ಪೇನಿನ ಸೆವೆ ಬ್ಯಾಲೆಸ್ಟರೋಸ್ ಈ ಕುಳಿಗೆ ಎಡಬದಿಯ ಒರಟು ಹುಲ್ಲಿನಿಂದ ಆರನೇ ಐರನ್ನಿನಲ್ಲಿ ಚೆಂಡನ್ನು ಗ್ರೀನ್ ಮುಟ್ಟಿಸಿದ್ದ. ವಾಟ್ಸನ್ ಒಳ್ಳೆಯ ಜಾಗದಲ್ಲೇ ನಿಂತಿದ್ದ. ಅವನು ಎರಡನೇ ಐರನ್ ಹಿಡಿದ. ಚೆಂಡು ಗ್ರೀನನ್ನು ದಾಟಿ, ರಸ್ತೆಯನ್ನೂ ದಾಟಿ ಗೋಡೆಯ ಬುಡಕ್ಕೆ ಹೋಗಿ ಕೂತಿತು. ಅಷ್ಟರಲ್ಲಿ ಹದಿನೆಂಟನೆಯ ಗ್ರೀನಿನಲ್ಲಿ ಸೆವೆಯ ಚೆಂಡು ಕುಳಿಗೆ ಬಿದ್ದು ಜನರ ಕೂಗು ಕೇಳಿಸಿತು. ವಾಟ್ಸನ್ ಎರಡು ಹೊಡೆತಗಳಿಂದ ಹಿಂದೆ ಉಳಿದ. ಆರನೆಯ ಓಪನ್ ಅವನಿಗೆ ಮತ್ತೆಂದೂ ಸಿಗಲಿಲ್ಲ. ಚೀಲದಲ್ಲಿ ಜಗತ್ತಿನ ಉತ್ತಮ ಕೋಲುಗಳಿದ್ದರೂ ಆ ಗಳಿಗೆಗೆ ಯಾವುದೆಂದು ತೀರ್ಮಾನಿಸುವುದು ಆಟಗಾರನೇ. ಆ ತೀರ್ಮಾನವನ್ನು ಯಾವ ಅಂಗಡಿಯೂ ಮಾರುವುದಿಲ್ಲ.

ಭಾನುವಾರದ ಬಯಲು

ಭಾನುವಾರ ಓಲ್ಡ್ ಕೋರ್ಸಿಗೆ ರಜೆ. ದೊಡ್ಡ ಪಂದ್ಯಗಳಿದ್ದರೆ ಬಿಟ್ಟರೆ ಆ ದಿನ ಅಲ್ಲಿ ಯಾರೂ ಆಡುವುದಿಲ್ಲ. ಬಯಲು ಉದ್ಯಾನವಾಗುತ್ತದೆ. ಊರಿನ ಜನ ನಾಯಿ ಹಿಡಿದುಕೊಂಡು, ಮಕ್ಕಳನ್ನು ಕರೆದುಕೊಂಡು ನಡೆಯುತ್ತಾರೆ. ಪ್ರವಾಸಿಗಳು ಸ್ವಿಲ್ಕನ್ ಹಳ್ಳದ ಮೇಲಿನ ಪುಟ್ಟ ಕಲ್ಲುಸೇತುವೆಯ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ.

ಪಕ್ಕದಲ್ಲೇ ‘ಹಿಮಾಲಯಾಸ್’ ಎಂಬ ಹೆಸರಿನ ಹುಲ್ಲುದಿಬ್ಬಗಳ ಜಾಗವೊಂದಿದೆ. 1867ರಲ್ಲಿ ಆರಂಭವಾದ ಮಹಿಳೆಯರ ಪಟಿಂಗ್ ಕ್ಲಬ್ಬಿನ ನೆಲ ಅದು. ಕೆಲವು ಪೌಂಡು ಕೊಟ್ಟರೆ ಯಾರು ಬೇಕಾದರೂ ಆಡಬಹುದು. ಅಲ್ಲಿ ಐರನ್ನಿನ ಮಾತೇ ಇಲ್ಲ. ಪ್ರತಿಯೊಬ್ಬರಿಗೂ ಒಂದು ಪಟರ್, ಒಂದು ಚೆಂಡು. ಅಜ್ಜಿ, ಮೊಮ್ಮಗ, ಪರೀಕ್ಷೆ ಮುಗಿಸಿ ಬಂದ ವಿದ್ಯಾರ್ಥಿಗಳು ದಿಬ್ಬಗಳ ನಡುವೆ ಚೆಂಡು ಉರುಳಿಸಿ ನಗುತ್ತಿರುತ್ತಾರೆ. ಮಗುವಿನ ಕೈಗೆ ಪಟರ್ ಕೊಡುವ ಮುನ್ನ ತಂದೆಯೋ ತಾಯಿಯೋ ಅದನ್ನು ಮಗುವಿನ ಪಕ್ಕದಲ್ಲಿ ನೆಟ್ಟಗೆ ನಿಲ್ಲಿಸಿ ಎತ್ತರ ನೋಡುತ್ತಾರೆ. ಉದ್ದವಾಯಿತೆನಿಸಿದರೆ ಅದನ್ನಿಟ್ಟು ಗಿಡ್ಡದ್ದೊಂದನ್ನು ಎತ್ತಿಕೊಳ್ಳುತ್ತಾರೆ.